ಮುಚ್ಚಬೇಡಿರಿ, ಅದು ನಮ್ಮ ಮಕ್ಕಳ ಬಾಗಿಲೂ ಹೌದು

ನಮ್ಮ ಎಷ್ಟೋ ಕುಟುಂಬಗಳ ಮಕ್ಕಳು ಇಂದು ಸಿಡ್ನಿ, ಮೆಲ್ಬರ್ನ್‌ಗಳಲ್ಲಿ ನೆಲೆಸಿದ್ದಾರೆ. ಮಾತು ವಲಸೆಯತ್ತ ಹೊರಳಿದಾಗ ಸುಶಿಕ್ಷಿತರ ಬಾಯಲ್ಲೇ ಒಂದು ದೂರು ಕೇಳಿಬರುತ್ತದೆ: “ನಾವು ನಿಯಮದಂತೆ ಬಂದವರು. ಆಶ್ರಯ ಬೇಡಿದವರೋ, ಅರ್ಜಿ ತಿರಸ್ಕೃತವಾದ ಮೇಲೂ ನ್ಯಾಯಾಲಯದ ನೆಪದಲ್ಲಿ ವರ್ಷಗಟ್ಟಲೆ ಉಳಿಯುತ್ತಾರೆ. ಆ ಬಾಗಿಲನ್ನೇ ಮುಚ್ಚಬಾರದೇಕೆ?” ಈ ಮಾತನ್ನು ನಾವು ಒಪ್ಪಲಾಗದು.

ಆ ಬಾಗಿಲು ಎಷ್ಟು ಕಿರಿದೆಂಬುದನ್ನು ಮೊದಲು ತಿಳಿಯಬೇಕು. ಆಸ್ಟ್ರೇಲಿಯಾದಲ್ಲಿ ರಕ್ಷಣಾ ವೀಸಾ ದೊರೆಯದವನು ಸಾಮಾನ್ಯವಾಗಿ ಮೊದಲು ಆಡಳಿತ ನ್ಯಾಯಮಂಡಳಿಯ ಮೊರೆಹೋಗುತ್ತಾನೆ. ಅಲ್ಲಿಯೂ ಸೋತರೆ ಮಾತ್ರ ನ್ಯಾಯಾಲಯ. ನ್ಯಾಯಾಧೀಶರು ವೀಸಾ ನೀಡಲಾರರು. ಪ್ರಕರಣದ ಗುಣದೋಷಗಳನ್ನು ಹೊಸದಾಗಿ ತೂಗಲಾರರು. ನಿರ್ಣಯಿಸಿದವರು ಕಾನೂನಿನ ಮೇರೆಯೊಳಗೆ ಇದ್ದರೇ, ನ್ಯಾಯಸಮ್ಮತವಾಗಿ ಆಲಿಸಿದರೇ ಎಂಬುದಷ್ಟೇ ಅವರ ಪ್ರಶ್ನೆ. ಗೆದ್ದವನಿಗೂ ಸಿಗುವುದು ಸಾಮಾನ್ಯವಾಗಿ ಮರುವಿಚಾರಣೆ ಮಾತ್ರ. ಅರ್ಜಿ ಸಲ್ಲಿಸಲು ಇರುವ ಅವಧಿ 35 ದಿನ; ಅದನ್ನು ವಿಸ್ತರಿಸುವುದು ನ್ಯಾಯಾಲಯದ ವಿವೇಚನೆ.

ಇಷ್ಟನ್ನೂ ಕಸಿಯುವ ಯತ್ನ ನಡೆದಿತ್ತು. 2001ರಲ್ಲಿ ಅಲ್ಲಿನ ಸಂಸತ್ತು, ವಲಸೆ ನಿರ್ಣಯಗಳನ್ನು ಯಾವ ನ್ಯಾಯಾಲಯವೂ ಪ್ರಶ್ನಿಸಬಾರದೆಂಬ ಅರ್ಥದ ಕಲಮನ್ನು ಕಾಯ್ದೆಗೆ ಸೇರಿಸಿತು. 2003ರಲ್ಲಿ, ಆ ದೇಶದ ಸರ್ವೋಚ್ಚ ನ್ಯಾಯಾಲಯವಾದ ಹೈಕೋರ್ಟ್, ಅಧಿಕಾರದ ಮೇರೆ ಮೀರಿದ ನಿರ್ಣಯಕ್ಕೆ ಆ ಕಲಮಿನ ರಕ್ಷೆ ಇಲ್ಲವೆಂದು ಸಾರಿತು. ಸಂವಿಧಾನವೇ ಕೊಟ್ಟ ಪರಿಹಾರವನ್ನು ಸಂಸತ್ತು ಕಿತ್ತುಕೊಳ್ಳಲಾರದು.

ಇದರ ಫಲವೇನೆಂಬುದಕ್ಕೆ 2006ರಲ್ಲಿ ಅದೇ ನ್ಯಾಯಾಲಯ ತೀರ್ಮಾನಿಸಿದ ಇರಾನಿ ನಾವಿಕನೊಬ್ಬನ ಪ್ರಕರಣ ಸಾಕ್ಷಿ. ಮೊದಲ ಅಧಿಕಾರಿ ಸಂದೇಹಿಸದಿದ್ದ ಸಂಗತಿಗಳನ್ನು ನ್ಯಾಯಮಂಡಳಿ ನಂಬಲಾಗದೆಂದು ತಳ್ಳಿಹಾಕಿತ್ತು. ಅವು ವಿವಾದದಲ್ಲಿವೆಯೆಂಬ ಸುಳಿವನ್ನೂ ಅವನಿಗೆ ಕೊಟ್ಟಿರಲಿಲ್ಲ. ಉತ್ತರಿಸುವ ಅವಕಾಶವನ್ನೇ ಕೊಡದ ಆ ನಿರ್ಣಯವನ್ನು ಹೈಕೋರ್ಟ್ ರದ್ದುಗೊಳಿಸಿತು. ಬಾಗಿಲು ಮುಚ್ಚಿದ್ದರೆ ಅವನ ಗತಿಯೇನು?

ಸುಳ್ಳು ಅರ್ಜಿದಾರರಿಲ್ಲವೇ? ಇದ್ದಾರೆ. ಆದರೆ ಸುಳ್ಳನ್ನು ಸತ್ಯದಿಂದ ಬೇರ್ಪಡಿಸುವ ಸಾಧನವೂ ನ್ಯಾಯವಾದ ವಿಚಾರಣೆಯೇ. ವಿಳಂಬವಾಗುತ್ತಿದ್ದರೆ ನ್ಯಾಯಾಧೀಶರನ್ನು ಹೆಚ್ಚಿಸಿರಿ, ಕಾನೂನು ನೆರವು ಒದಗಿಸಿರಿ. ಸರತಿ ಉದ್ದವಾಯಿತೆಂದು ಆಸ್ಪತ್ರೆಯನ್ನು ಮುಚ್ಚುವವರುಂಟೇ?

ನ್ಯಾಯಾಲಯ ಬಾಗಿಲು ಮುಚ್ಚಿಕೊಂಡಾಗ ಏನಾಗುವುದೆಂದು ಭಾರತೀಯರಾದ ನಮಗೆ ಯಾರೂ ಕಲಿಸಬೇಕಿಲ್ಲ. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, ಬಂಧಿತನಿಗೆ ಹೇಬಿಯಸ್ ಕಾರ್ಪಸ್ ಕೋರುವ ಹಕ್ಕಿಲ್ಲವೆಂದು ನಮ್ಮ ಸುಪ್ರೀಂ ಕೋರ್ಟ್ ಹೇಳಿತು. ಐವರಲ್ಲಿ ಭಿನ್ನಮತ ಬರೆದವರು ಎಚ್.ಆರ್. ಖನ್ನಾ ಒಬ್ಬರೇ. ಇಂದು ನಾವು ಗೌರವಿಸುವುದು ಯಾರನ್ನು?

ಕೊನೆಯದಾಗಿ ಒಂದು ಮಾತು. ಉದ್ಯೋಗದ ವೀಸಾ ನಿರಾಕೃತವಾದವರೂ ರದ್ದಾದವರೂ ಕಡೆಗೆ ತಟ್ಟಬೇಕಾದುದು ಇದೇ ನ್ಯಾಯಾಲಯಗಳ ಕದವನ್ನು. 2001ರ ಆ ಕಲಮು ಆಶ್ರಯಾರ್ಥಿ, ಎಂಜಿನಿಯರ್ ಎಂದು ಭೇದವೆಣಿಸಲಿಲ್ಲ. ಪರರ ಪಾಲಿಗೆ ಮುಚ್ಚಿರೆಂದು ನಾವು ಕೂಗುತ್ತಿರುವ ಬಾಗಿಲಿನ ಮುಂದೆ ನಾಳೆ ನಮ್ಮ ಮಗನೋ ಮಗಳೋ ನಿಲ್ಲಬೇಕಾದೀತು.