ಬಿ.ಓ.ಡಿ. ಎಂದರೆ ಯಾರಿಗೆ ಅರ್ಥವಾಯಿತು?

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಪಕ್ಕದಲ್ಲೊಂದು ಕೆರೆಯಿದೆ. ಕೊಳಚೆ ನೀರು ಸೇರಿ ಅದು ಕೆಟ್ಟ ಕಥೆ ಮೈಸೂರಿಗರಿಗೆ ಹೊಸತೇನಲ್ಲ. ಇಂಥದೊಂದು ಕೆರೆಯ ನೀರನ್ನು ಪರೀಕ್ಷಿಸಿದ ವಿಜ್ಞಾನಿ 'ಬಿ.ಓ.ಡಿ. ಲೀಟರಿಗೆ 30 ಮಿಲಿಗ್ರಾಂ' ಎಂದು ವರದಿ ಬರೆದರೆನ್ನಿ. ಮರುದಿನ ಪತ್ರಿಕೆಯಲ್ಲಿ 'ಕೆರೆಯ ನೀರು ವಿಷ!' ಎಂಬ ತಲೆಬರಹ. ಮೊದಲನೆಯದು ಯಾರಿಗೂ ಅರ್ಥವಾಗಲಿಲ್ಲ; ಎರಡನೆಯದು ಎಲ್ಲರಿಗೂ ಅರ್ಥವಾಯಿತು, ಆದರೆ ತಪ್ಪಾಗಿ.

ಬಿ.ಓ.ಡಿ.ಯನ್ನು 'ಜೈವಿಕ ಆಮ್ಲಜನಕ ಬೇಡಿಕೆ' ಎಂದು ಅನುವಾದಿಸಿ ಕೈತೊಳೆದುಕೊಳ್ಳುವವರಿದ್ದಾರೆ. ಇಂಗ್ಲಿಷಿನ ಕಬ್ಬಿಣದ ಕಡಲೆಯನ್ನು ಕನ್ನಡದ ತಟ್ಟೆಗೆ ಹಾಕಿದಂತಾಯಿತು, ಅಷ್ಟೆ. ಹೀಗೆ ಹೇಳಿ ನೋಡೋಣ: ಬಚ್ಚಲ ನೀರು, ಗಂಜಿ, ಮಲ ಕೆರೆಗೆ ಸೇರಿದರೆ ಬ್ಯಾಕ್ಟೀರಿಯಗಳಿಗೆ ಹಬ್ಬದೂಟ. ಆ ಊಟ ಅರಗಲು ನೀರಿನಲ್ಲಿ ಕರಗಿದ ಆಮ್ಲಜನಕ ಬೇಕು. ನೀರಿನ ಮಾದರಿಯನ್ನು 27 ಡಿಗ್ರಿ ಸೆಲ್ಸಿಯಸ್‌ನಲ್ಲಿ 3 ದಿನ ಕತ್ತಲೆಯಲ್ಲಿಟ್ಟು, ಎಷ್ಟು ಆಮ್ಲಜನಕ ಖರ್ಚಾಯಿತೆಂದು ಅಳೆಯುತ್ತಾರೆ. ಸ್ನಾನಕ್ಕೆ ಬಳಸುವ ನೀರಿನಲ್ಲಿ ಇದು ಲೀಟರಿಗೆ 3 ಮಿಲಿಗ್ರಾಂ ಮೀರಬಾರದು. ಆ ಉಷ್ಣತೆಯಲ್ಲಿ ಗಾಳಿಯಿಂದ ಶುದ್ಧ ನೀರಿನಲ್ಲಿ ಕರಗುವ ಆಮ್ಲಜನಕವೇ ಹೆಚ್ಚೆಂದರೆ ಸುಮಾರು 8 ಮಿಲಿಗ್ರಾಂ. ಹಾಗಿರುವಾಗ 30ರ ಬೇಡಿಕೆ ಬಂದರೆ ಮೀನುಗಳ ಪಾಲಿಗೆ ಉಳಿಯುವುದೇನು? ರಾತ್ರಿ ಬೆಳಕಿಲ್ಲದೆ ಪಾಚಿಯೂ ಆಮ್ಲಜನಕ ತಯಾರಿಸದೆ ಬರೀ ಉಸಿರಾಡುತ್ತದೆ. ಮೀನುಗಳು ಬೆಳಗಿನ ಜಾವ ತೇಲುವುದು ಹೆಚ್ಚಾಗಿ ಇದರಿಂದಲೇ.

'ವಿಷ' ಎಂದು ಬರೆದರೆ ಓದುಗರ ಬೆರಳು ನೇರವಾಗಿ ಕಾರ್ಖಾನೆಯತ್ತ ಹೋಗುತ್ತದೆ. ನಮ್ಮ ಮನೆಯ ಮೋರಿ ತಪ್ಪಿಸಿಕೊಳ್ಳುತ್ತದೆ. ಹಾಗೆಂದು ಕಾರ್ಖಾನೆಗಳು ನಿರ್ದೋಷಿ ಎಂದೂ ಅಲ್ಲ. ಸೀಸ, ಕ್ರೋಮಿಯಂ ಇವೆಯೇ ಎಂಬುದನ್ನು ಬಿ.ಓ.ಡಿ. ಹೇಳುವುದಿಲ್ಲ, ಅದಕ್ಕೆ ಬೇರೆ ಪರೀಕ್ಷೆ ಬೇಕು. ಇದನ್ನು ವಿಜ್ಞಾನಿ ತಾವಾಗಿಯೇ ಹೇಳಬೇಕು. ಹೇಳದಿದ್ದರೆ ಪತ್ರಕರ್ತರು ಬಿಡದೆ ಕೇಳಬೇಕು. ಅಚ್ಚಿಗೆ ಹೋಗುವ ಮುನ್ನ ಆ ಎರಡು ವಾಕ್ಯಗಳನ್ನು ಫೋನಿನಲ್ಲಿ ಓದಿ ಹೇಳಿದರೆ ಯಾರ ಗೌರವವೂ ಕಡಿಮೆಯಾಗದು.

ಸರಳವಾಗಿ ಬರೆದರೆ ವಿಜ್ಞಾನ ತೆಳುವಾಗುತ್ತದೆ ಎಂಬ ಭಯ ಕೆಲವರಿಗೆ. ಇದೇ ಮೈಸೂರಿನಲ್ಲಿ ರಸಾಯನಶಾಸ್ತ್ರ ಕಲಿಸಿದ ಜೆ.ಆರ್. ಲಕ್ಷ್ಮಣರಾವ್ (1921–2017) 'ಬಾಲವಿಜ್ಞಾನ'ದ ಸಂಪಾದಕರಾಗಿದ್ದರು. ಗಣಿತದ ಮೇಷ್ಟ್ರು ಜಿ.ಟಿ. ನಾರಾಯಣರಾವ್ ಕನ್ನಡ ವಿಶ್ವಕೋಶದ ವಿಜ್ಞಾನ ಸಂಪಾದಕರಾದರು. ಇವರ ಬರಹ ಓದಿದವರಿಗೆ ಆ ಭಯ ಇರಲಾರದು.

ಕರಗಿದ ಆಮ್ಲಜನಕವನ್ನು ಅಳೆಯುವ ವಿಂಕ್ಲರ್ ವಿಧಾನ ಪಿಯುಸಿ ವಿದ್ಯಾರ್ಥಿಗಳ ಕೈಗೆಟುಕುವಂಥದ್ದೇ. ಕೊನೆಯಲ್ಲಿ ಪಿಷ್ಟದ ನೀಲಿ ಬಣ್ಣ ಮಾಯವಾಗುವುದನ್ನು ನೋಡುವುದೇ ಒಂದು ಸೊಗಸು. ಅಧ್ಯಾಪಕರ ಜೊತೆ ನಿಂತು ಮಾಡಿ. ಬಂದ ಅಂಕಿಯನ್ನು ಸಂಜೆ ಮನೆಯಲ್ಲಿ ಅಜ್ಜಿಗೆ ವಿವರಿಸಿ. ಅವರು ಕೇಳುವ ಮೊದಲ ಪ್ರಶ್ನೆಯನ್ನು ಬರೆದಿಟ್ಟುಕೊಳ್ಳಿ.