ಸೋದರಿಯರಿಗೆ ಸಲಹೆ: ಎಲ್ಲರೂ ಓದುವಂಥ ಪುಸ್ತಿಕೆ



ಹೊಸಪೇಟೆಯ ಓದುಗರೊಬ್ಬರು ಬರೆದ ಪತ್ರ ಈ ಸಲ ನನ್ನ ಮುಂದಿದೆ. ಅವರ ಸ್ತ್ರೀಶಕ್ತಿ ಸಂಘದವರು ಸೇರಿ ಶೇಂಗಾ ಹೋಳಿಗೆ, ಗುರೆಳ್ಳು ಚಟ್ನಿಪುಡಿ, ಮಂಡಕ್ಕಿ ಒಗ್ಗರಣೆ ಮುಂತಾದ ಅಡುಗೆಗಳ ಪುಸ್ತಿಕೆ ಮಾಡಿಸಿದರಂತೆ. ಅದರಲ್ಲಿ ಅರ್ಧ ಅಡುಗೆ ಹೇಳಿಕೊಟ್ಟ ಸದಸ್ಯೆಗೆ ದೃಷ್ಟಿ ಇಲ್ಲ. ಮೊಬೈಲು ಓದಿದ್ದನ್ನು ಕಿವಿಯಿಂದ ಕೇಳುತ್ತಾರೆ. ಪುಸ್ತಿಕೆಯ ಪಿ.ಡಿ.ಎಫ್. ತೆರೆದರೆ ಮೊಬೈಲು ಬರೀ ಇಂಗ್ಲಿಷ್ ಅಕ್ಷರಗಳನ್ನು ಗೊಣಗಿತು! ತಾನು ಹೇಳಿದ ಅಡುಗೆ ತನಗೇ ಸಿಗದಂತಾಯಿತು. "ಮರುಮುದ್ರಣಕ್ಕೆ ಯಾವ ಸಾಫ್ಟ್‌ವೇರ್ ಒಳ್ಳೆಯದು?" ಎಂಬುದು ಪ್ರಶ್ನೆ.

ಮೊದಲು ಕಾರಣ ತಿಳಿಯೋಣ. ಸಕ್ಕರೆ ಎಂದು ಚೀಟಿ ಅಂಟಿಸಿದ ಡಬ್ಬಿಯಲ್ಲಿ ಉಪ್ಪು ತುಂಬಿಟ್ಟರೆ ಹೇಗೆ? ಹಳೆಯ ನುಡಿ, ಶ್ರೀಲಿಪಿ ಅಕ್ಷರಗಳೂ ಹಾಗೇ. ಕಣ್ಣಿಗೆ ಕಾಣುವುದು ಕನ್ನಡ, ಒಳಗಿರುವುದು ಇಂಗ್ಲಿಷ್ ಗುರುತು. ಯೂನಿಕೋಡ್‌ನಲ್ಲಾದರೆ 'ಕ' ಎಂದರೆ ಒಳಗೂ 'ಕ'ನೇ. ನುಡಿ, ಬರಹ ಎರಡರಲ್ಲೂ ಈಗ ಯೂನಿಕೋಡ್ ಇದೆ. ಅದನ್ನೇ ಕೇಳಿ ಪಡೆಯಿರಿ. ಹಳೆಯದನ್ನು ಬದಲಿಸುವ ಪರಿವರ್ತಕಗಳೂ ಇವೆ, ಪೂರ್ತಿ ಟೈಪ್ ಮಾಡಬೇಕಿಲ್ಲ. ಆದರೆ ಬದಲಿಸಿದ ಮೇಲೆ ಒಮ್ಮೆ ಓದಿ ತಿದ್ದಲೇಬೇಕು.

ಪರೀಕ್ಷೆ ಸುಲಭ ಕಣ್ರೀ. ಟೈಪ್ ಮಾಡಿದ ಕಡತದಿಂದ ಒಂದು ಸಾಲು ಕಾಪಿ ಮಾಡಿ ವಾಟ್ಸಾಪ್‌ಗೆ ಹಾಕಿ. ಕನ್ನಡವೇ ಬಂದರೆ ಸರಿ. ಇಂಗ್ಲಿಷ್ ಗಲಿಬಿಲಿ ಬಂದರೆ ಡಬ್ಬಿಯಲ್ಲಿ ಉಪ್ಪಿದೆ ಎಂದು ತಿಳಿಯಿರಿ.

ಇನ್ನು ಸಾಫ್ಟ್‌ವೇರ್ ಆಯ್ಕೆ:

ಲಿಬ್ರೆಆಫೀಸ್ ರೈಟರ್: ದುಡ್ಡು ಕೊಡಬೇಕಿಲ್ಲ. 2020ರಲ್ಲಿ ಬಂದ 7.0 ಆವೃತ್ತಿಯಿಂದ, ಎಲ್ಲರೂ ಓದಬಲ್ಲ ಪಿ.ಡಿ.ಎಫ್. ಮಾಡುವ 'ಪಿ.ಡಿ.ಎಫ್./ಯು.ಎ.' ಸೌಲಭ್ಯ ಇದೆ. ಸಂಘಕ್ಕೆ ನನ್ನ ಮೊದಲ ಸಲಹೆ ಇದೇ.

ವರ್ಡ್: ಮನೆಯಲ್ಲೋ ಮಕ್ಕಳ ಕಂಪ್ಯೂಟರಿನಲ್ಲೋ ಈಗಾಗಲೇ ಇದ್ದರೆ ಇದೂ ಸಾಕು. 'ಚೆಕ್ ಆಕ್ಸೆಸಿಬಿಲಿಟಿ' ಒತ್ತಿದರೆ ಕೊರತೆಗಳನ್ನು ತಾನೇ ತೋರಿಸುತ್ತದೆ.

ಇನ್‌ಡಿಸೈನ್: ಅಚ್ಚುಕಟ್ಟಾದ ಪುಟಗಳು ಬರುತ್ತವೆ, ಯೂನಿಕೋಡ್ ಕನ್ನಡವೂ ಬರುತ್ತದೆ. ಆದರೆ ಬಾಡಿಗೆ ಕಟ್ಟಿ ಬಳಸುವಂಥದ್ದು, ಕಲಿಯಬೇಕಾದ್ದೂ ಬಹಳ. ಅಂಗಡಿಯವರಲ್ಲಿದ್ದರೆ ಸರಿ, ನೀವು ಕೊಳ್ಳಬೇಡಿ.

ಪೇಜ್‌ಮೇಕರ್: ಯೂನಿಕೋಡ್ ಕನ್ನಡಕ್ಕೆ ಒಗ್ಗುವುದಿಲ್ಲ, ಬಿಟ್ಟುಬಿಡಿ. ಕೋರೆಲ್‌ಡ್ರಾ ಬ್ಯಾನರಿಗೆ ಇರಲಿ. ಅಕ್ಷರವನ್ನು ಚಿತ್ರವಾಗಿ ಮಾರ್ಪಡಿಸಿದರೆ ಮೊಬೈಲು ಓದಲಾರದು.

ಸಾಫ್ಟ್‌ವೇರ್ ಯಾವುದೇ ಇರಲಿ, ಕೈಗುಣವೂ ಬೇಕಲ್ಲ! ಅಡುಗೆಯ ಹೆಸರನ್ನು ಬರೀ ದಪ್ಪ ಅಕ್ಷರ ಮಾಡಿ ಬಿಡಬೇಡಿ. 'ಹೆಡಿಂಗ್' ಶೈಲಿ ಕೊಡಿ. ಆಗ ಕೇಳುವವರು ಹೋಳಿಗೆಯಿಂದ ಚಟ್ನಿಪುಡಿಗೆ ಒಂದೇ ನೆಗೆತಕ್ಕೆ ಹೋಗಬಹುದು. ಪ್ರತಿ ಚಿತ್ರಕ್ಕೂ ಒಂದು ಸಾಲಿನ ವಿವರಣೆ ಬರೆಯಿರಿ. ಸಾಮಾನುಗಳನ್ನು ಸಾಲಾಗಿ ಪಟ್ಟಿ ಮಾಡಿ, ಅಕ್ಕಪಕ್ಕ ಎರಡು ಅಂಕಣ ಬೇಡ. ಬಿಳಿಯ ಮೇಲೆ ಹಳದಿ ಅಕ್ಷರ ಯಾರ ಕಣ್ಣಿಗೂ ಹಿತವಲ್ಲ. ಮಂದದೃಷ್ಟಿಯ ಅತ್ತೆ-ಮಾವಂದಿರಿಗಾಗಿ 18 ಪಾಯಿಂಟಿನ ದೊಡ್ಡ ಅಕ್ಷರದ ಕೆಲವು ಪ್ರತಿಗಳನ್ನು ತೆಗೆಸಿಡಿ.

ಇನ್ನೊಂದು ಮುಖ್ಯ ಮಾತು. ಯೂನಿಕೋಡ್ ಇದ್ದರೂ ಪಿ.ಡಿ.ಎಫ್.ನಲ್ಲಿ ಕನ್ನಡದ ಒತ್ತಕ್ಷರಗಳು ಒಮ್ಮೊಮ್ಮೆ ಹಿಂದುಮುಂದಾಗುತ್ತವೆ. ಆದ್ದರಿಂದ ಮೂಲ ವರ್ಡ್ ಅಥವಾ ರೈಟರ್ ಕಡತವನ್ನೂ ಜೊತೆಗೆ ಕೊಡಿ. ಅಂಗಡಿಯವರಿಂದ ಅದನ್ನು ಕೇಳಿ ಪಡೆದ ಮೇಲೇ ದುಡ್ಡು ಕೊಡಿ!

"ಒಬ್ಬರಿಗೋಸ್ಕರ ಇಷ್ಟೆಲ್ಲ ಯಾಕೆ?" ಅಂತ ಯಾರಾದರೂ ಅಂದಾರು. 2011ರ ಜನಗಣತಿಯಂತೆ ನಮ್ಮ ದೇಶದಲ್ಲಿ ದೃಷ್ಟಿದೋಷವುಳ್ಳವರು 50 ಲಕ್ಷಕ್ಕೂ ಹೆಚ್ಚು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯೂ ಓದುವ ಸಾಮಗ್ರಿ ಅವರಿಗೆ ಎಟುಕುವಂತಿರಬೇಕು ಎನ್ನುತ್ತದೆ. ಅದಿರಲಿ, ಒಬ್ಬರೇ ಆದರೂ ಆಕೆ ನಿಮ್ಮ ಸಂಘದವರೇ ಅಲ್ಲವೇ?

ಅಚ್ಚಿಗೆ ಕೊಡುವ ಮುನ್ನ ಆಕೆಯ ಮೊಬೈಲಿನಲ್ಲೇ ಪೂರ್ತಿ ಓದಿಸಿ. ಆಕೆ "ಸರಿ" ಎಂದ ಮೇಲೆ ಮುದ್ರಣಕ್ಕೆ ಕಳಿಸಿ.