ಪೇಟೆ ಯಾರದು?

ಮೊನ್ನೆ ರಾತ್ರಿ ಊಟ ಮುಗಿಸಿ ಕುಳಿತಿದ್ದಾಗ ಹಳೆಯ ವಿದ್ಯಾರ್ಥಿಯೊಬ್ಬನ ದೂರವಾಣಿ ಕರೆ ಬಂದಿತು. ಅವನ ತಂದೆ ಕಬ್ಬನ್‌ಪೇಟೆಯಲ್ಲಿ ಮಗ್ಗ ನಡೆಸುತ್ತಿದ್ದವರು. ಆ ಮನೆಯನ್ನು ಮಾರಲು ಅಣ್ಣತಮ್ಮಂದಿರೆಲ್ಲ ಒಪ್ಪಿರುವರೆಂದು ತಿಳಿಸಿ, ಕೊನೆಯಲ್ಲಿ, "ಇನ್ನೇನು ಉಳಿದಿದೆ ಮೇಷ್ಟ್ರೇ? ಪೇಟೆಯೆಲ್ಲ ಹೊರಗಿನವರ ಪಾಲಾಯಿತು" ಎಂದನು. ಆ ಕ್ಷಣಕ್ಕೆ ನಾನು ಏನೂ ಹೇಳಲಾರದೆ ಹೋದೆ. ಅವನಿಗೆ ಕೊಡಬೇಕಾಗಿದ್ದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಅದೇ ಮಾತನ್ನು ನಿಮ್ಮಲ್ಲಿ ಅನೇಕರು ನನ್ನೊಡನೆ ಆಡಿರುವುದರಿಂದ ಎಲ್ಲರೂ ಓದಲೆಂಬುದು ನನ್ನ ಆಸೆ.

ಹೊರಗಿನವರು ಎಂದರೆ ಯಾರು? 1537ರಲ್ಲಿ ಕೆಂಪೇಗೌಡರು ಊರು ಕಟ್ಟಿದಾಗ ಇಲ್ಲಿಗೆ ಬಂದು ನೆಲಸಿದವರೆಲ್ಲರೂ ಬೇರೆ ಬೇರೆ ಕಡೆಯಿಂದ ಬಂದವರೇ. ದೊಡ್ಡಪೇಟೆ, ಚಿಕ್ಕಪೇಟೆಗಳೆಂಬ ಎರಡು ಬೀದಿಗಳು ಒಂದನ್ನೊಂದು ಅಡ್ಡಹಾಯ್ದು, ಅವುಗಳ ಸುತ್ತ ಒಂದೊಂದು ಕಸುಬಿಗೆ ಒಂದೊಂದು ಪೇಟೆ ಬೆಳೆಯಿತು. ಕುಂಬಾರಪೇಟೆ, ಗಾಣಿಗರಪೇಟೆ, ಉಪ್ಪಾರಪೇಟೆ, ನಗರ್ತಪೇಟೆ, ಬಳೆಪೇಟೆ, ಅಕ್ಕಿಪೇಟೆ, ಅರಳೇಪೇಟೆ: ಈ ಹೆಸರುಗಳನ್ನು ತರಗತಿಯಲ್ಲಿ ನಿಮ್ಮಿಂದ ಮಗ್ಗಿಯಂತೆ ಹೇಳಿಸುತ್ತಿದ್ದುದು ನಿಮಗೆ ನೆನಪಿರಬಹುದು. 1638ರಲ್ಲಿ ಬಿಜಾಪುರದ ಸೇನೆ ಊರನ್ನು ಹಿಡಿದ ಮೇಲೆ ಅದು ಶಿವಾಜಿಯ ತಂದೆ ಷಹಾಜಿಗೆ ಜಹಗೀರಾಯಿತು. ಮರಾಠಿ ಮಾತನಾಡುವವರು ಬಂದರು. 1687ರಲ್ಲಿ ಮೊಗಲರ ಕೈಸೇರಿ, ಬಳಿಕ ಮೂರು ಲಕ್ಷ ರೂಪಾಯಿಗೆ ಚಿಕ್ಕದೇವರಾಜ ಒಡೆಯರ ವಶವಾಯಿತು. 1791ರ ಮಾರ್ಚಿಯಲ್ಲಿ ಕಾರ್ನ್‌ವಾಲಿಸನ ದಂಡು ಮೊದಲು ಪೇಟೆಯನ್ನೂ ಅನಂತರ ಕೋಟೆಯನ್ನೂ ಹಿಡಿಯಿತು. ಒಡೆಯರು ಬದಲಾದಂತೆಲ್ಲ ಹೊಸ ಜನ ಬರುತ್ತಲೇ ಇದ್ದರು.

ತಿಗಳರ ವಿಷಯವನ್ನೇ ನೋಡಿರಿ. ಹಳೆಯ ಕನ್ನಡದಲ್ಲಿ 'ತಿಗುಳ' ಎಂದರೆ ತಮಿಳನೆಂದೇ ಅರ್ಥ. ತೋಟದ ಕೆಲಸದಲ್ಲಿ ನಿಪುಣರಾದ ಆ ಜನರ ಕರಗವೇ ಇಂದು ಬೆಂಗಳೂರಿನ ಊರಹಬ್ಬವಾಗಿದೆ. ಚೈತ್ರ ಹುಣ್ಣಿಮೆಯ ರಾತ್ರಿ ಧರ್ಮರಾಯನ ಗುಡಿಯಿಂದ ಹೊರಟ ಕರಗವು ಅರಳೇಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗಿಬರುತ್ತದೆ. ಯಾರನ್ನು ಹೊರಗಿಟ್ಟು ಈ ಹಬ್ಬವನ್ನು ನಡೆಸಲಾದೀತು?

ಇಷ್ಟೆಲ್ಲ ಬಲ್ಲ ನಾನೂ ಒಮ್ಮೆ ತಪ್ಪಿದ್ದೇನೆ. 1983ರ ಸುಮಾರಿಗೆ ನನ್ನ ತರಗತಿಗೆ ಬಟ್ಟೆ ವ್ಯಾಪಾರಿಯೊಬ್ಬರ ಮಗನು ಸೇರಿದನು. ಮನೆಮಾತು ಮಾರವಾಡಿ. ಮೊದಲ ದಿನವೇ, "ನಿಮ್ಮ ಊರು ಯಾವುದಪ್ಪಾ?" ಎಂದು ಕೇಳಿದೆ. "ಚಿಕ್ಕಪೇಟೆ ಸಾರ್" ಎಂದನು. "ಅದಲ್ಲಪ್ಪಾ, ನಿಜವಾದ ಊರು?" ಎಂದೆ. ತರಗತಿಯೆಲ್ಲ ನಕ್ಕಿತು. "ತಾತನ ಊರು ನಾನು ನೋಡಿಲ್ಲ ಸಾರ್" ಎಂದು ಹೇಳಿ ಕುಳಿತ ಆ ಹುಡುಗನು ಆ ವರ್ಷ ನನ್ನ ಪಾಠದಲ್ಲಿ ಮತ್ತೆ ಕೈಯೆತ್ತಲಿಲ್ಲ. ನನ್ನ ತಾತನೂ ಮಾಗಡಿಯ ಕಡೆಯಿಂದ ಬಂದು ಅರಳೇಪೇಟೆಯ ಬಾಡಿಗೆ ಮನೆಯಲ್ಲಿ ಸಂಸಾರ ಹೂಡಿದವರು. ಆದರೆ ನನ್ನ ನಿಜವಾದ ಊರು ಯಾವುದೆಂದು ಯಾವ ಮೇಷ್ಟರೂ ಕೇಳಿರಲಿಲ್ಲ. ಆ ಹುಡುಗನು ಈಗ ಎಲ್ಲಿರುವನೋ ತಿಳಿಯದು. ಈ ಬರಹ ಅವನ ಕಣ್ಣಿಗೆ ಬಿದ್ದರೆ, ಮೇಷ್ಟರು ಕ್ಷಮೆ ಕೇಳಿದ್ದಾರೆಂದು ತಿಳಿಯಲಿ.

ಇನ್ನು, ಪೇಟೆಯನ್ನು ನಮ್ಮಿಂದ ಯಾರಾದರೂ ಕಿತ್ತುಕೊಂಡರೇ? 1898ರಲ್ಲಿ ಪ್ಲೇಗು ಬಂದಾಗ ಅನುಕೂಲವಿದ್ದವರು ಹೊಸದಾಗಿ ರೂಪುಗೊಳ್ಳುತ್ತಿದ್ದ ಬಸವನಗುಡಿ, ಮಲ್ಲೇಶ್ವರಗಳಿಗೆ ಹೋದರು. ಅನಂತರದ ಕಾಲದಲ್ಲಿ ರಾಜಾಜಿನಗರ, ವಿಜಯನಗರಗಳಲ್ಲಿ ನಿವೇಶನ ಸಿಕ್ಕವರು ಹೊರಟರು. ನಾನೂ ಹೊರಟವನೇ. ನೀರಿನ ತೊಂದರೆ, ಕತ್ತಲ ಕೋಣೆ, ಇಕ್ಕಟ್ಟಾದ ಗಲ್ಲಿ ಇವುಗಳಿಂದ ಪಾರಾಗಲು ಬಯಸಿದ್ದು ತಪ್ಪಲ್ಲ. ಆದರೆ ಹೆಚ್ಚು ಬೆಲೆ ಕೊಟ್ಟವರಿಗೆ ಮನೆ ಕೊಟ್ಟು, ಹಣವನ್ನು ಎಣಿಸಿಕೊಂಡು, ಮೂವತ್ತು ವರ್ಷಗಳಾದ ಮೇಲೆ ಕೊಂಡವನನ್ನು ಹೊರಗಿನವನೆಂದು ಕರೆಯುವುದು ನ್ಯಾಯವಲ್ಲ.

ಹಾಗಾದರೆ ಕಳೆದುಕೊಂಡದ್ದು ಏನೂ ಇಲ್ಲವೇ? ಇದೆ. ಪೇಟೆಯಲ್ಲಿ ಹಿಂದೆ ಅಂಗಡಿಯ ಹಿಂದೆಯೋ ಮೇಲೆಯೋ ಮನೆಯಿರುತ್ತಿತ್ತು. ಮಗ್ಗವಿದ್ದ ಕೋಣೆಯಲ್ಲಿಯೇ ಮಕ್ಕಳು ಮಲಗುತ್ತಿದ್ದರು. ಬೆಳಗ್ಗೆ ಕಂಡಿಕೆ ಸುತ್ತಿಕೊಟ್ಟು ಶಾಲೆಗೆ ಬರುತ್ತಿದ್ದರು. ಮಗ್ಗಗಳ ಸದ್ದಿಗೆ ಎದುರಾಗಿ ಕೂಗಿ ಕೂಗಿ ನನ್ನ ದನಿ ಒರಟಾಯಿತೆಂದು ನೀವು ನಗುತ್ತಿದ್ದಿರಿ. ಈಗ ಮನೆಗಳು ಒಂದೊಂದಾಗಿ ಗೋದಾಮುಗಳಾಗುತ್ತಿವೆ. ಗೋದಾಮಿನ ಬಾಡಿಗೆಯ ಮುಂದೆ ನೇಯುವವನ ಸಂಪಾದನೆ ನಿಲ್ಲಲಾರದು. ಹಗಲು ಕಾಲಿಡಲಾರದಷ್ಟು ಜನ. ರಾತ್ರಿಯಾದರೆ ಬಾಗಿಲುಗಳಿಗೆ ಬೀಗ. ಪೇಟೆಗೆ ಕೊರತೆಯಾಗಿರುವುದು ಯಾವುದೋ ಒಂದು ಜಾತಿಯದೋ ಭಾಷೆಯದೋ ಅಲ್ಲ, ವಾಸಿಸುವ ಜನರದು.

ಹಾಗಿದ್ದರೂ ವಾಸಿಸುವವರು ಕೆಲವರಿದ್ದಾರೆ. ಅವರ ಪಾಡೇನು? 2025ರ ಆಗಸ್ಟಿನಲ್ಲಿ ನಗರ್ತಪೇಟೆಯ ಕಟ್ಟಡವೊಂದಕ್ಕೆ ಬೆಂಕಿ ಬಿದ್ದು ಐವರು ತೀರಿಕೊಂಡರು. ಕೆಳಗೆ ಸರಕು, ಮೇಲೆ ಸಂಸಾರ. ಸತ್ತವರಲ್ಲಿ ರಾಜಸ್ಥಾನ ಮೂಲದ ಒಂದು ಕುಟುಂಬದ ತಂದೆ, ತಾಯಿ, ಇಬ್ಬರು ಮಕ್ಕಳು ಇದ್ದರು. ಪತ್ರಿಕೆಯಲ್ಲಿ ಆ ಸುದ್ದಿಯನ್ನು ಓದಿದಾಗ, ನನ್ನ ತರಗತಿಯ ಬೆಂಚಿನಿಂದ ಯಾರೋ ಎದ್ದುಹೋದಂತಾಯಿತು. ನಮ್ಮ ತಾತಂದಿರಂತೆಯೇ ದುಡಿಮೆಗಾಗಿ ಬಂದು, ಅವರಂತೆಯೇ ಅಂಗಡಿಯ ಮೇಲೆ ವಾಸವಿದ್ದವರು ಅವರು. ಪೇಟೆಯ ಹಳೆಯ ಬಾಳುವೆಯನ್ನು ಇಂದಿಗೂ ನಡೆಸುತ್ತಿರುವವರು ನಾವಲ್ಲ, ಇಂಥವರು.

ಪೇಟೆಯಲ್ಲಿ ಕನ್ನಡ ಕೇಳಿಸುವುದು ಕಡಿಮೆಯಾಗಿದೆ ಎಂದು ನೀವು ಹೇಳುವಿರಿ. ಅದು ನನಗೂ ನೋವಿನ ಸಂಗತಿಯೇ. ಇಲ್ಲಿ ವ್ಯಾಪಾರ ಮಾಡುವವರು ಕನ್ನಡ ಕಲಿಯಲೇಬೇಕೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಕಲಿಸುವವರು ಯಾರು? ನಾನು ಸೇವೆ ಆರಂಭಿಸಿದ 1974ರಲ್ಲಿ ಒಂದು ತರಗತಿಗೆ ಐವತ್ತು ಮಕ್ಕಳಿದ್ದ ನಮ್ಮ ಶಾಲೆಯಲ್ಲಿ, 2006ರಲ್ಲಿ ನಾನು ನಿವೃತ್ತನಾದಾಗ ಹನ್ನೊಂದು ಮಂದಿ ಉಳಿದಿದ್ದರು. ನಮ್ಮ ಮಕ್ಕಳನ್ನು ನಾವೇ ಬೇರೆಡೆಗೆ ಕಳುಹಿಸಿದೆವು. ಆ ಹನ್ನೊಂದರಲ್ಲಿ ಏಳು ಮಕ್ಕಳ ಮನೆಮಾತು ಕನ್ನಡವಾಗಿರಲಿಲ್ಲ. ಆದರೂ ಅವರೇ ಕನ್ನಡ ಶಾಲೆಯನ್ನು ಉಳಿಸಿದ್ದರು.

ನನ್ನ ಅಭಿಪ್ರಾಯ ಇಷ್ಟೇ. ಪೇಟೆಗಾಗಿ ಮರುಗುವವರು ಮೂರು ವಿಷಯಗಳನ್ನು ಕೇಳಲಿ: ಜನರು ಮಲಗುವ ಕಟ್ಟಡದಲ್ಲಿ ಬೆಂಕಿ ಹತ್ತುವ ಸರಕನ್ನು ತುಂಬಬಾರದು, ಉಳಿದಿರುವ ಮಗ್ಗದವರಿಗೆ ಬಾಡಿಗೆಯ ಭಾರ ತಗ್ಗುವಂತಾಗಬೇಕು, ಮಕ್ಕಳ ಸಂಖ್ಯೆ ಕಡಿಮೆಯೆಂದು ಅಲ್ಲಿನ ಕನ್ನಡ ಶಾಲೆಗಳನ್ನು ಮುಚ್ಚಬಾರದು. 2017ರಿಂದ ಮೆಟ್ರೋ ರೈಲು ಚಿಕ್ಕಪೇಟೆಯ ನೆಲದಡಿಯಲ್ಲಿಯೇ ನಿಲ್ಲುತ್ತದೆ. ವಾರಕ್ಕೊಂದು ದಿನ ಹೋಗಿ ಅಲ್ಲಿನ ಮಕ್ಕಳಿಗೆ ಕನ್ನಡ ಹೇಳಿಕೊಡುವುದು ನಿಮ್ಮಲ್ಲಿ ನಿವೃತ್ತರಾದವರಿಗೆ ಕಷ್ಟವಾಗಲಾರದು. ನನ್ನ ಮಂಡಿ ಒಪ್ಪಿದ ದಿನ ನಾನೂ ಬರುತ್ತೇನೆ.

ಕರೆ ಮಾಡಿದ ಆ ವಿದ್ಯಾರ್ಥಿಗೆ ಒಂದು ಮಾತು. ಮನೆಯನ್ನು ಮಾರಬೇಕಾಗಿದ್ದರೆ ಮಾರಪ್ಪಾ, ಅದರಲ್ಲಿ ಅಪರಾಧವೇನೂ ಇಲ್ಲ. ಆದರೆ ಬೀಗದ ಕೈ ಕೊಡುವಾಗ, ನಿಮ್ಮ ತಂದೆಯವರ ಮಗ್ಗ ಯಾವ ಮೂಲೆಯಲ್ಲಿತ್ತು, ಮಳೆ ಬಂದರೆ ಯಾವ ಗೋಡೆ ಸೋರುತ್ತದೆ ಎಂಬುದನ್ನು ಕೊಳ್ಳುವವರಿಗೆ ಕನ್ನಡದಲ್ಲಿಯೇ ತಿಳಿಸಿ ಬಾ.